ಎದುರು ಪಕ್ಷದ ಗೆಳತಿಗೆ

ಫುಲರ್ಟನ್, ಕ್ಯಾಲಿಫೋರ್ನಿಯಾ
9 ನವೆಂಬರ್ 1980

ಪ್ರೀತಿಯ ವರ್ನಾ,

ನಾವು ಗೆದ್ದೆವು. ಇದನ್ನು ಓದಿ ನೀನು ಮೂಗು ಮುರಿಯುತ್ತೀಯೆಂದು ಗೊತ್ತು. ಆ ದಿನ ಟೀವಿ ಆರಿಸಿ, ಸಿಟ್ಟಿಗೆ ಅಡುಗೆಮನೆಯನ್ನೆಲ್ಲ ತೊಳೆದಿರುತ್ತೀಯ. ಆದರೆ ರೇಗನ್ ಗೆದ್ದ ಸುದ್ದಿ ಬಂದು ನಮ್ಮವರೆಲ್ಲ ಹೋಟೆಲಿನಲ್ಲಿ ಕುಣಿಯುತ್ತಿದ್ದಾಗ ನನಗೆ ನೆನಪಾದವಳು ನೀನು. ಕಳೆದ ಚಳಿಗಾಲದಲ್ಲಿ ನೀನು ಮೊಮ್ಮಕ್ಕಳ ಆಸೆಗೆ ಒರೆಗಾನ್ ಸೇರಿಬಿಟ್ಟೆ. ಇಲ್ಲೇ ಪಕ್ಕದ ಮನೆಯಲ್ಲಿ ಇದ್ದಿದ್ದರೆ ಬೇಲಿಯ ಮೇಲಿಂದ ಕೂಗಿ ಹೇಳುತ್ತಿದ್ದೆ.

ಗೋಲ್ಡ್‌ವಾಟರ್ ನಮ್ಮ ಪಕ್ಷದಿಂದ ಅಧ್ಯಕ್ಷ ಸ್ಥಾನಕ್ಕೆ ನಿಂತಿದ್ದ 1964ರ ಚುನಾವಣೆ ನೆನಪಿದೆಯಲ್ಲ? ನನ್ನ ಗಂಡ ವೆಂಡೆಲ್ ಕೆಲಸಕ್ಕೆ ಹೊರಟ ಮೇಲೆ ನಾನು ಮನೆಮನೆ ತಿರುಗುತ್ತಿದ್ದೆ. ಸರ್ಕಾರ ಚಿಕ್ಕದಾಗಬೇಕು, ತೆರಿಗೆ ಹಗುರಾಗಬೇಕು, ಕಮ್ಯುನಿಸ್ಟರಿಗೆ ಬಗ್ಗಬಾರದು ಎಂದು ಹೇಳಿದ್ದೇ ಹೇಳಿದ್ದು. ಆಗ ನನ್ನ ಮಕ್ಕಳನ್ನು ನೋಡಿಕೊಂಡವಳು ಕಿಟಕಿಗೆ ಡೆಮಾಕ್ರಾಟರ ಪೋಸ್ಟರ್ ಅಂಟಿಸಿಕೊಂಡಿದ್ದ ನೀನು. ‘ಬಿಟ್ಟು ಹೋಗು ಮಾರ್ಲಿಸ್. ಸಂಜೆಯೊಳಗೆ ಇಬ್ರನ್ನೂ ನಮ್ಮ ಪಕ್ಷಕ್ಕೆ ಸೇರಿಸ್ಕೊಂಡಿರ್ತೀನಿ, ನೋಡ್ತಿರು’ ಎಂದು ನಗುತ್ತಿದ್ದೆ.

ದೇಶದಲ್ಲೆಲ್ಲ ಮಕಾಡೆ ಬಿದ್ದೆವು. ನಮ್ಮ ಕಥೆ ಮುಗಿಯಿತೆಂದು ಪತ್ರಿಕೆಗಳು ಬರೆದವು. ಮರುದಿನ ಗ್ಯಾರೇಜಿನಲ್ಲಿ ಉಳಿದ ಪ್ರಚಾರ ಫಲಕಗಳ ನಡುವೆ ಕೂತು ಅಳುತ್ತಿದ್ದಾಗ, ನೀನು ಮೀನು ಹಾಕಿ ಬೇಯಿಸಿದ ಬಿಸಿ ಅಡುಗೆ ಹಿಡಿದು ಬಂದೆ. ನಿನ್ನ ಗಂಡ ಹಾಲಿಸ್ ಆಚೆಯಿಂದಲೇ, ‘ಲೇ, ಶತ್ರುಗೆ ಊಟ ಹಾಕ್ತೀಯಾ? ಯೂನಿಯನ್ನಿಂದ ನನ್ನ ಒದ್ದು ಓಡಿಸ್ತಾರೆ!’ ಎಂದು ರೇಗಿಸುತ್ತಿದ್ದ. ‘ನೀವು ಸುಮ್ನಿರ್ರಿ’ ಎಂದು ಗದರಿ ನನ್ನ ಪಕ್ಕ ನೆಲದ ಮೇಲೆ ಕೂತೆ.

‘ಅತ್ತಿದ್ದು ಸಾಕು, ತಿನ್ನು. ವಿಮಾನದ ಕಾರ್ಖಾನೇಲಿ ಮುಷ್ಕರ ಸೋತಾಗ ನಾವೇನ್ ಮಾಡಿದ್ವಿ ಗೊತ್ತಾ? ಒಬ್ಬೊಬ್ರ ಮನೆಗೂ ಹೋದ್ವಿ. ಏನೂ ಕೇಳೋಕಲ್ಲ, ಹೇಗಿದ್ದೀರಾ ಅನ್ನೋಕೆ. ನಿಂಗೆ ಬಾಗಿಲು ತೆಗೆದೋರ್ನ ಕೈ ಬಿಡ್ಬೇಡ ಕಣೇ’ ಎಂದೆ. ಮರುಕ್ಷಣವೇ ನಾಲಿಗೆ ಕಚ್ಚಿಕೊಂಡು, ‘ಅಯ್ಯೋ, ಇದನ್ನ ನಿಂಗ್ಯಾಕೆ ಹೇಳ್ಕೊಟ್ಟೆ!’ ಎಂದೆ. ಅತ್ತ ಕಣ್ಣಲ್ಲೇ ನಾನು ನಕ್ಕುಬಿಟ್ಟೆ.

ನೀನು ಹೇಳಿದ್ದನ್ನೇ ನಾನು ಮಾಡಿದೆ. ಬಾಣಂತಿಯರಿಗೆ ಅಡುಗೆ ಕೊಟ್ಟೆ, ಸಾವಾದ ಮನೆಗಳಲ್ಲಿ ಪಾತ್ರೆ ತೊಳೆದೆ, ಚರ್ಚು ಮುಗಿದ ಮೇಲೆ ನಿಂತು ಹರಟಿದೆ. ನಮ್ಮ ಹಜಾರದಲ್ಲಿ ಕಾಫಿಗೆ ಸೇರುತ್ತಿದ್ದ ನಾಲ್ಕೈದು ಹೆಂಗಸರು ಬರಬರುತ್ತಾ ಊರ ಸಭಾಂಗಣವೂ ಸಾಲದಷ್ಟಾದರು.

ಮೂರು ವರ್ಷದ ಹಿಂದೆ ಆಸ್ತಿ ತೆರಿಗೆಗೆ ಕಡಿವಾಣ ಹಾಕಲು ನಾವು ಸಹಿ ಸಂಗ್ರಹಿಸುವ ಹೊತ್ತಿಗೆ ಹಾಲಿಸ್ ತೀರಿಕೊಂಡಿದ್ದ. ಏರಿದ ತೆರಿಗೆಗೆ ಹೆದರಿ ನೀನು ಮನೆ ಮಾರಲು ಹೊರಟಿದ್ದೆ. ಆದರೂ ಪೆನ್ನು ಮುಟ್ಟಲಿಲ್ಲ. ‘ನನ್ ಮನೆ ಉಳಿಯತ್ತೆ, ಸರಿ. ತೆರಿಗೆ ದುಡ್ಡಿಲ್ದೆ ಲೈಬ್ರರಿ ಮುಚ್ಚಿದ್ರೆ ಮಕ್ಳು ಎಲ್ಲಿಗೋಗ್ಬೇಕು?’ ಎಂದೆ. ಎಷ್ಟು ಸಿಟ್ಟು ಬಂದಿತ್ತು ನನಗೆ! ಮತದಾನದಲ್ಲಿ ನಾವೇ ಗೆದ್ದೆವು, ನಿನ್ನ ಮನೆ ಉಳಿಯಿತು. ಲೈಬ್ರರಿ ತೆರೆಯುವ ಹೊತ್ತೂ ಕಡಿಮೆಯಾಯಿತು. ನೀನು ಹೇಳಿದ್ದು ಸುಳ್ಳಾಗಲಿಲ್ಲ. ನಾನು ನಂಬಿದ್ದನ್ನು ಈಗಲೂ ನಂಬುತ್ತೇನೆ, ಆದರೆ ಮಾತಾಡುವ ಮುಂಚೆ ನಿನ್ನ ಪ್ರಶ್ನೆ ಕಿವಿಯಲ್ಲಿರುತ್ತದೆ.

ಮೊನ್ನೆ ರೇಗನ್ ಗೆದ್ದ ದಿನ ಪಕ್ಷದ ತರುಣನೊಬ್ಬ, ‘ಇಷ್ಟು ಜನರನ್ನ ಹೇಗೆ ಒಟ್ಟು ಮಾಡಿದ್ರಿ ಮೇಡಂ?’ ಎಂದು ಕೇಳಿದ. ಯೂನಿಯನ್ ಕುಟುಂಬದ ಹೆಂಗಸು ಕಲಿಸಿದಳು ಎಂದೆ. ತಮಾಷೆಯೆಂದುಕೊಂಡು ನಕ್ಕ. ನಾನು ನಗಲಿಲ್ಲ.

ನಿನ್ನ ಓಟು ನನಗೆ ಒಮ್ಮೆಯೂ ಸಿಗಲಿಲ್ಲ ವರ್ನಾ. ಮಿಕ್ಕದ್ದೆಲ್ಲ ಸಿಕ್ಕಿದೆ.

ಎಂದೂ ನಿನಗೆ ಋಣಿಯಾದ
ಮಾರ್ಲಿಸ್

ತಾ.ಕ.: ವೆಂಡೆಲ್ ಏಪ್ರಿಲ್‌ನಲ್ಲಿ ಪೆಟ್ಟಿಗೆ ಕಟ್ಟಿಕೊಂಡು ನನ್ನನ್ನು ಬಿಟ್ಟು ಹೋದ. ವೇದಿಕೆಯ ಮೇಲೆ ಕುಟುಂಬ ಉಳಿಸಿ ಎಂದು ಮಾತಾಡಿ ಬಂದು ಖಾಲಿ ಮನೆಯ ಬೀಗ ತೆಗೆಯುತ್ತೇನೆ. ನಮ್ಮ ಪಕ್ಷದವರಲ್ಲಿ ಯಾರಿಗೂ ಹೇಳಿಲ್ಲ. ಹೇಳಬಹುದಾದವಳು ನೀನೊಬ್ಬಳೇ. ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ನಿನ್ನಲ್ಲಿಗೆ ಬರಲೇ?