ಡಬ್ಬದೊಳಗೆ ಪಿಟೀಲಿನ ಕಮಾನು

ಅಣ್ಣಾ,

ನೀನು ಓದುವುದಿಲ್ಲವೆಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಬದುಕಿದ್ದಾಗಲೂ ನೀನು ನನ್ನ ಪತ್ರಗಳನ್ನು ಅರ್ಧ ಓದಿ ಮಡಚಿಡುತ್ತಿದ್ದೆ.

ಇವತ್ತು ನಿನ್ನ ಸಂಗೀತ ಶಾಲೆಗೆ ವಿದೇಶದ ತಂಡ ಬಂದಿತ್ತು. ನಮ್ಮ ಮಕ್ಕಳಲ್ಲಿ ಒಬ್ಬರನ್ನು ಕರೆದೊಯ್ದು ಅಲ್ಲಿನ ಮಕ್ಕಳ ಜೊತೆ ನುಡಿಸಲು ಬಿಡುತ್ತಾರಂತೆ. ಇಸ್ತ್ರಿಯವನ ಮಗಳು ಪಿಟೀಲು ಹಿಡಿದು ನಿಂತು, ನೀನು ಹೇಳಿಕೊಟ್ಟ ಕೊನೆಯ ಪಾಠವನ್ನೇ ನುಡಿಸತೊಡಗಿದಳು. ಅದು ಮುಗಿಯುವ ಮೊದಲೇ ತಂಡವನ್ನು ಕರೆತಂದಿದ್ದ ಸಂಯೋಜಕ ಕೈಯೆತ್ತಿದ.

"ಪಿಟೀಲು ಅವರ ಹತ್ರಾನೂ ಇದೆ ಮೇಡಂ. ಹಳೇ ಫೋಟೋದಲ್ಲಿ ಮಕ್ಕಳು ಖಾಲಿ ಪೇಂಟ್ ಡಬ್ಬ ಬಾರಿಸ್ತಿದ್ರಲ್ಲ, ಅದು ಬೇಕು."

ವಾದ್ಯಕ್ಕೆ ಗತಿಯಿಲ್ಲದ ಕಾಲದಲ್ಲಿ ನೀನು ಡಬ್ಬ ಕೊಟ್ಟೆ. ಪಿಟೀಲು ತರುವ ಹೊತ್ತಿಗೆ ನಿನ್ನ ಕೂದಲು ನರೆತಿತ್ತು, ನಾನು ಮರೆತಿಲ್ಲ. ಬಡವರ ಸಂಗೀತವೂ ಬಡವಾಗಿಯೇ ಇರಬೇಕೆಂದು ಯಾವ ಗ್ರಂಥದಲ್ಲಿ ಬರೆದಿದೆಯೋ, ನಾನಂತೂ ಓದಿಲ್ಲ. ಅದನ್ನು ಅವನಿಗೆ ಹೇಳಲು ಬಾಯಿ ತೆರೆದೆ. ಹೇಳಿದ್ದರೆ ಹುಡುಗಿಯ ಪ್ರಯಾಣ ಅಲ್ಲಿಗೇ ಮುಗಿಯುತ್ತಿತ್ತು. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

"ಬಾರಿಸಮ್ಮ," ಎಂದೆ.

ಬಾರಿಸಿದಳು, ಆಯ್ಕೆಯಾದಳು. ಎಲ್ಲರೂ ಚಪ್ಪಾಳೆ ತಟ್ಟಿದರು.

"ಒಂದೇ ವಾದ್ಯ ತರಬೇಕಂತೆ ಆಂಟಿ," ಎಂದಳು ಅವರು ಹೋದ ಮೇಲೆ. "ಡಬ್ಬಕ್ಕೂ ವಿಮಾನಯೋಗ. ಅಪ್ಪ ಬಿದ್ದು ಬಿದ್ದು ನಗ್ತಾನೆ."

ನನಗೆ ನಗು ಬರಲಿಲ್ಲ. ಅವಳು ಪಿಟೀಲನ್ನು ನಿನ್ನ ಕಪಾಟಿನಲ್ಲಿಟ್ಟು ಬೀಗ ಹಾಕಿ, ಬೀಗದ ಕೈ ನನಗೆ ಕೊಟ್ಟಳು. ಕಮಾನನ್ನು ಮಾತ್ರ ಬಟ್ಟೆಯಲ್ಲಿ ಸುತ್ತಿ ಡಬ್ಬದೊಳಗೆ ಓರೆಯಾಗಿ ನಿಲ್ಲಿಸಿದಳು. ಅರ್ಧ ಹೊರಗೇ ಉಳಿಯಿತು.

"ಇದೊಂದನ್ನೇ ಒಯ್ದು ಏನ್ ಮಾಡ್ತೀಯೆ?"

"ಪಿಟೀಲು ಅವರ ಹತ್ರಾನೂ ಇದೆ ಅಂದ್ರಲ್ಲ ಆಂಟಿ. ಕೇಳಿ ನೋಡ್ತೀನಿ."