ಬಾಗಿಲು ತೆರೆದಿತ್ತು ಎಂದಿದ್ದೆ

ಮಾರ್ಚ್ ೩, ಬೆಳಗ್ಗೆ ೭

ಗೋಂದು ಮತ್ತೆ ಗಂಟುಕಟ್ಟಿದೆ. ತಣ್ಣೀರಲ್ಲೇ ಹಿಟ್ಟು ಕಲಸಿ ಆಮೇಲೆ ಒಲೆಗಿಡು ಎಂದು ತಂಗಿಗೆ ನೂರು ಸಲ ಹೇಳಿದ್ದೇನೆ. ಕೇಳುವವಳಲ್ಲ. ಇಡೀ ಪಾತ್ರೆ ಚೆಲ್ಲಿ ಹೊಸದಾಗಿ ಕಾಯಿಸಿದೆ. ಆಸ್ಪತ್ರೆಯ ರಿಜಿಸ್ಟರುಗಳ ಬೈಂಡಿಂಗ್ ಶುಕ್ರವಾರಕ್ಕೆ ಆಗಬೇಕು. ಮಡಿಸುವುದು ತಂಗಿ. ಹೊಲಿಯುವುದು ನಾನು, ರಟ್ಟು ಕಟ್ಟುವುದೂ ನಾನೇ.

ಮೊದಲು ಹೊಲಿಯುತ್ತಿದ್ದವಳು ಜೈಲಿನಲ್ಲಿದ್ದಾಳೆ. ರಟ್ಟು ಕಟ್ಟುತ್ತಿದ್ದವನು ಮಣ್ಣಿನಡಿ. ಸೊಸೆ, ಮಗ. ಎಂಟು ತಿಂಗಳಾಯಿತು. ಇವತ್ತೇ ಮೊದಲು ಬರೆದದ್ದು.

ಅವಳ ಹೊಲಿಗೆ ಚೆನ್ನಾಗಿತ್ತು. ಅವಳೆದುರು ಒಮ್ಮೆಯೂ ಹೇಳಲಿಲ್ಲ. ಹೊಗಳಿದರೆ ಕೈ ಸಡಿಲವಾಗುತ್ತದೆ.

ಮಾರ್ಚ್ ೫, ಮಧ್ಯಾಹ್ನ

ಸೊಸೆಯ ಪರ ವಕೀಲೆ ಬಂದಿದ್ದಳು. ಚಿಕ್ಕ ವಯಸ್ಸು, ದೊಡ್ಡ ಬ್ಯಾಗು. ಕೂತುಕೋ ಎನ್ನಲಿಲ್ಲ. ತಾನೇ ರಟ್ಟಿನ ಅಟ್ಟಿಯ ಮೇಲೆ ಕೂತಳು.

"ಹದಿನೆಂಟಕ್ಕೆ ನಿಮ್ಮ ಸಾಕ್ಷಿ ಇದೆ, ಅಮ್ಮಾ."

"ಸಮನ್ಸ್ ಬಂದಿದೆ. ಹೈಸ್ಕೂಲು ಮುಗಿಸಿದವಳು ನಾನು, ಓದೋಕೆ ಬರುತ್ತೆ."

ನಕ್ಕಳು. ನಾನು ನಗಲಿಲ್ಲ. ಆಮೇಲೆ ಪಾಠ ಶುರುಮಾಡಿದಳು. ಜೀವ ಉಳಿಸಿಕೊಳ್ಳಲು ಜೀವ ತೆಗೆದರೆ ಕಾನೂನು ಕ್ಷಮಿಸುತ್ತದಂತೆ. ಆದರೆ ಭಯ ಆ ಕ್ಷಣದ್ದೇ ಆಗಿರಬೇಕು, ನಿನ್ನೆಯ ಸಿಟ್ಟಾಗಬಾರದು. ಬೇಕಾದಷ್ಟೇ ಹೊಡೆದಿರಬೇಕು. ತಪ್ಪಿಸಿಕೊಳ್ಳಲು ಬೇರೆ ದಾರಿ ಇರಬಾರದು.

"ನನ್ನ ಮಗನ ಕೈಲಿ ಏನಿತ್ತು? ಬರಿಗೈ. ಅವಳ ಕೈಲಿ ಆರು ಕೆಜಿ ಕಬ್ಬಿಣ." ಪುಸ್ತಕ ಒತ್ತಿಡುವ ಕಬ್ಬಿಣ ಅದು. ಪೊಲೀಸರು ಒಯ್ದರು, ಕೊಟ್ಟಿಲ್ಲ.

"ಕುತ್ತಿಗೆಗೆ ಬರಿಗೈ ಸಾಕಮ್ಮ. ಅವಳ ಕತ್ತಿನ ಮೇಲೆ ಬೆರಳಿನ ಗುರುತಿತ್ತು. ಅವಳು ಹೊಡೆದಿದ್ದು ಒಂದೇ ಏಟು. ಪ್ರಶ್ನೆ ಇರೋದು ಬಾಗಿಲಿಂದು. ಹೊಲಿಗೆ ಕೋಣೆಗೆ ಒಂದೇ ಬಾಗಿಲು. ಹೊರಗಿಂದ ಚಿಲಕ ಹಾಕಿತ್ತು ಅಂತ ಅವಳು ಹೇಳ್ತಾಳೆ. ತೆರೆದಿತ್ತು ಅಂತ ನೀವು ಬರೆಸಿದ್ದೀರಿ. ತೆರೆದಿದ್ರೆ, ಓಡದೆ ನಿಂತು ಹೊಡೆದಳು ಅಂತಾಗುತ್ತೆ. ಕೊಲೆ. ಹಾಕಿದ್ರೆ..."

"ನಿಮ್ಮ ಚಪ್ಪಲಿ ಆ ಕಡೆ ಇದೆ" ಎಂದೆ.

ಮಾರ್ಚ್ ೬

ಮೊಮ್ಮಗಳಿಗೆ ಏಳು ತುಂಬಿತು. ಹೊಸ ಫ್ರಾಕು. ಅಮ್ಮನಿಗೆ ತೋರಿಸಬೇಕೆಂದಳು. ತೋರಿಸೋಣ ಎಂದೆ. ಯಾವಾಗ ಎಂದಳು. ತಂಗಿ ಎದ್ದು ಒಳಗೆ ಹೋದಳು.

ಮಾರ್ಚ್ ೧೧, ಬೆಳಗ್ಗೆ

ತಂಗಿಯ ಜೊತೆ ಜಗಳ. ಮಡಿಸುತ್ತ ಮಡಿಸುತ್ತ, ತಲೆ ಎತ್ತದೆ ಕೇಳಿದಳು.

"ಅಕ್ಕಾ, ಅವತ್ತು ಚಿಲಕ ಹಾಕಿರಲಿಲ್ವಾ?"

"ಮನೇಲಿರಲಿಲ್ಲ ನೀನು."

"ಅವತ್ತು ಇರಲಿಲ್ಲ. ಬೇರೆ ದಿನ ಇದ್ದೆನಲ್ಲ. ಈ ಮನೇಲಿ ನಿನ್ನ ಅಪ್ಪಣೆ ಕೇಳದೆ ಗಡಿಯಾರವೂ ಹೊಡೆಯಲ್ಲ. ಚಿಲಕ ತಾನಾಗೇ ಬೀಳುತ್ತಾ?"

"ಕೆಲಸ ನೋಡು."

"ನೋಡ್ತಾನೇ ಇದ್ದೀನಿ. ನೋಡ್ಕೊಂಡು ಸುಮ್ಮನಿದ್ದೆ. ಅದೇ ನನ್ನ ತಪ್ಪು."

ಅರವತ್ತು ವರ್ಷದಲ್ಲಿ ಅವಳು ನನಗೆ ಎದುರಾಡಿದ್ದು ಇದೇ ಮೊದಲು.

ಅದೇ ದಿನ, ಸಂಜೆ ೪

ಇದನ್ನು ಯಾರೂ ಓದುವುದಿಲ್ಲ. ಬರೆಯುತ್ತೇನೆ.

ಹಾಕುತ್ತಿದ್ದೆ. ಮೂರು ವರ್ಷದಿಂದ. ಒಳಗೆ ಮಗನ ದನಿ ಏರಿದರೆ ಎದ್ದು ಹೋಗಿ ಹೊರಗಿನಿಂದ ಚಿಲಕ ಹಾಕುವುದು, ಕಟಿಂಗ್ ಮಷೀನ್ ಚಾಲು ಮಾಡುವುದು. ಮುಂಗಡೆ ಗಿರಾಕಿಗಳು ಇರುತ್ತಾರೆ. ಮನೆಯ ಮಾತು ಅವರ ಕಿವಿಗೆ ಬೀಳಬಾರದು. ಅವಳು ಅಳುತ್ತ ಹೊರಗೆ ಬಂದರೆ ಬೀದಿಯಲ್ಲಿ ನಮ್ಮ ಮುಖ ಏನಾಗಬೇಕು? ಅವನ ಸಿಟ್ಟು ಇಳಿದ ಮೇಲೆ ತೆಗೆಯುತ್ತಿದ್ದೆ. ಅವಳು ಮುಖ ತೊಳೆದು ಬಂದು ಹೊಲಿಯುತ್ತಿದ್ದಳು. ಸರಿಹೋಯಿತು ಎಂದುಕೊಳ್ಳುತ್ತಿದ್ದೆ.

ಅವತ್ತೂ ಹಾಗೇ. ಶಾಲೆಯ ಗುಮಾಸ್ತ ಹಾಜರಿ ಪುಸ್ತಕ ಒಯ್ಯಲು ಬಂದು ಕೂತಿದ್ದ. ಅವನು ಹೋದ ಮೇಲೆ ಚಿಲಕ ತೆಗೆದೆ. ಮಗ ನೆಲದ ಮೇಲೆ. ಅವಳು ಅವನ ತಲೆ ತೊಡೆಯ ಮೇಲಿಟ್ಟುಕೊಂಡು, ಗಾಯಕ್ಕೆ ಹೊಲಿಗೆಯ ಬಟ್ಟೆ ಒತ್ತಿ ಹಿಡಿದಿದ್ದಳು. ಅವನಲ್ಲಿ ಉಸಿರಿರಲಿಲ್ಲ.

ಪೊಲೀಸರು ಕೇಳಿದಾಗ ಬಾಗಿಲು ತೆರೆದಿತ್ತು ಎಂದೆ. ಯೋಚಿಸಿ ಹೇಳಿದ್ದಲ್ಲ. ಬಾಯಿ ತಾನಾಗಿ ಹೇಳಿತು. ಆಮೇಲೆ ಯೋಚಿಸಿದೆ, ಆದರೂ ತಿದ್ದಲಿಲ್ಲ.

ಮಾರ್ಚ್ ೧೫

ಮೊಮ್ಮಗಳು ಹೋಂವರ್ಕ್ ಬಿಟ್ಟು ಕೇಳಿದಳು, "ಅಜ್ಜೀ, ಅಪ್ಪ ಕುತ್ತಿಗೆ ಹಿಡಿದಾಗ ಅಮ್ಮ ಏನು ಮಾಡ್ಬೇಕಿತ್ತು?"

"ನನ್ನನ್ನ ಕರೀಬೇಕಿತ್ತು."

"ಕರೆದ್ರೆ ನೀನು ಬರ್ತಿದ್ಯಾ?"

ಲೆಕ್ಕ ಮುಗಿಸು ಎಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ.

ಅವನು ಕೆಟ್ಟವನೇ? ಹಾಗೆಂದು ಬರೆಯಲಾರೆ. ನನ್ನ ಕಣ್ಣು ಮಂಜಾದ ಮೇಲೆ ದಿನಾ ಬೆಳಗ್ಗೆ ಹನ್ನೆರಡು ಸೂಜಿಗೆ ದಾರ ಪೋಣಿಸಿ ನನ್ನ ಮೇಜಿನ ಮೇಲೆ ಚುಚ್ಚಿಟ್ಟು ಹೋಗುತ್ತಿದ್ದ. ಹೇಳದೆಯೇ. ಅದೇ ಕೈ. ಚಿಕ್ಕವನಿದ್ದಾಗ ಸಿಟ್ಟು ಬಂದರೆ ತಟ್ಟೆ ಎಸೆಯುತ್ತಿದ್ದ. ನಾನೇ ಎತ್ತಿ ತೊಳೆದು ಮತ್ತೆ ಬಡಿಸುತ್ತಿದ್ದೆ. ಗಂಡುಮಗು, ಸಿಟ್ಟು ಇರಲಿ ಎಂದವಳು ನಾನೇ.

ಮಾರ್ಚ್ ೧೮, ಸಂಜೆ

ಮುಗಿಯಿತು. ಕಟಕಟೆಯಲ್ಲಿ ಕುರ್ಚಿ ಕೊಟ್ಟರು, ಬೇಡವೆಂದೆ.

ಸರ್ಕಾರಿ ವಕೀಲ ಮೊದಲು ಕೇಳಿದ್ದೇ ಅದು. "ಹೊಲಿಗೆ ಕೋಣೆಯ ಬಾಗಿಲು ತೆರೆದಿತ್ತು, ಹೌದಾ?"

ಸೊಸೆಯ ಕಡೆ ನೋಡಬಾರದೆಂದುಕೊಂಡೇ ಹೋಗಿದ್ದೆ. ನೋಡಿದೆ. ಕತ್ತಿನ ಎಲುಬು ಎದ್ದು ಕಾಣುತ್ತಿತ್ತು. ಅವಳು ನನ್ನನ್ನು ನೋಡುತ್ತಿರಲಿಲ್ಲ. ಸೆರಗಿನ ಅಂಚು ಬಿಚ್ಚಿಕೊಂಡಿದ್ದ ಕಡೆ ಬೆರಳಿನಿಂದ ಮಡಿಸುತ್ತಿದ್ದಳು. ನೇರವಾಗಿ, ಸಮನಾಗಿ.

"ಇಲ್ಲ. ಚಿಲಕ ಹಾಕಿತ್ತು."

"ಯಾರು ಹಾಕಿದ್ದು?"

"ನಾನು."

"ಹಾಗಾದ್ರೆ ಪೊಲೀಸರ ಹತ್ರ ಸುಳ್ಳು ಹೇಳಿದ್ರಾ?"

"ಹೇಳಿದೆ."

"ಯಾಕೆ?"

"ಅವನು ನನ್ನ ಮಗ."

ಮುಂದಿನದನ್ನು ವಕೀಲೆ ಕೇಳಿದಳು. ಸೊಸೆ ಒಳಗಿನಿಂದ ಓಡಿ ಬರಲು ಸಾಧ್ಯವಿತ್ತೇ? ಇಲ್ಲ. ಮೊದಲೂ ಅವನು ಕೈ ಮಾಡಿದ್ದನೇ? ಮಾಡಿದ್ದ. ನಿಮಗೆ ಗೊತ್ತಿತ್ತೇ? ಗೊತ್ತಿತ್ತು. ಒಂದೊಂದು ಉತ್ತರಕ್ಕೂ ಅವನನ್ನು ಮತ್ತೊಮ್ಮೆ ಮಣ್ಣಿಗಿಟ್ಟ ಹಾಗಾಯಿತು. ಜನರೆಲ್ಲ ಕೇಳಿಸಿಕೊಂಡರು. ಇಷ್ಟು ವರ್ಷ ಬೀದಿಗೆ ಬೀಳದಂತೆ ಕಾದದ್ದನ್ನು ನಾನೇ ಮೈಕಿನಲ್ಲಿ ಹೇಳಿದೆ.

ಮನೆಗೆ ಬಂದೆ. ತಂಗಿ ತಟ್ಟೆ ಇಟ್ಟಳು. ಉಣ್ಣಲಾಗಲಿಲ್ಲ.

ಏಪ್ರಿಲ್ ೯, ಮಧ್ಯಾಹ್ನ ೩

ತೀರ್ಪು ಬಂತು. ಸೊಸೆ ಬಿಡುಗಡೆ. ಪ್ರಾಣಭಯವಿತ್ತು, ದಾರಿ ಮುಚ್ಚಿತ್ತು, ಏಟು ಒಂದೇ. ಜಡ್ಜ್ ಓದುವಾಗ ನನ್ನ ಮಗನ ಹೆಸರು ಹನ್ನೊಂದು ಸಲ ಬಂತು. ಒಂದು ಸಲವೂ ಒಳ್ಳೆಯ ಮಾತಿನ ಜೊತೆಯಲ್ಲಿ ಅಲ್ಲ.

ಹೊರಗೆ ವರಾಂಡದಲ್ಲಿ ಬೆಂಚಿನ ಮೇಲೆ ಕೂತಿದ್ದೆ. ಅವಳೇ ಬಂದಳು. ಪಕ್ಕದಲ್ಲಿ ಕೂರಲಿಲ್ಲ, ನಿಂತೇ ಇದ್ದಳು.

"ಅತ್ತೆ, ಮಗಳನ್ನ ಕರ್ಕೊಂಡು ಹೋಗ್ತೀನಿ. ವಾರಕ್ಕೊಂದು ಸಲ ಕಳಿಸ್ತೀನಿ."

"ಹೂಂ."

"ಅವರ ಜೀವ ತೆಗೀಬೇಕು ಅಂತ ಹೊಡೆದಿದ್ದಲ್ಲ. ಬಿಡಲಿ ಅಂತ ಹೊಡೆದೆ." ಸೆರಗು ಭುಜಕ್ಕೆ ಎಳೆದುಕೊಂಡಳು. "ಎರಡು ಸಲ ಬಾಗಿಲು ಬಡಿದೆ, ಅತ್ತೆ. ಮೊದಲನೇ ಸಲ ನನಗೋಸ್ಕರ. ಎರಡನೇ ಸಲ ಅವರಿಗೋಸ್ಕರ. ಬಿದ್ದ ಮೇಲೂ ತುಂಬಾ ಹೊತ್ತು ಉಸಿರಾಡ್ತಿದ್ರು. ಮಷೀನ್ ಸದ್ದಿಗೆ ನಿಮಗೆ ಕೇಳಿಸಿರಲ್ಲ, ಅಲ್ವಾ?"

"ಕೇಳಿಸಲಿಲ್ಲ" ಎಂದೆ.

ತಲೆಯಾಡಿಸಿದಳು. ನಂಬಿದಳೋ, ನನಗೋಸ್ಕರ ನಂಬಿದಂತೆ ಮಾಡಿದಳೋ.

ಏಪ್ರಿಲ್ ೧೦, ಬೆಳಗ್ಗೆ ೬

ಮೊಮ್ಮಗಳು ಹೋದಳು. ಫ್ರಾಕು ಹಾಕಿಕೊಂಡೇ.

ಕೇಳಿಸಿತ್ತು. ಎರಡು ಸಲವೂ. ಎರಡನೆಯದು ಮೊದಲಿಗಿಂತ ಜೋರಾಗಿತ್ತು. "ಅತ್ತೇ, ಇವರು... ಇವರು..." ಎಂದದ್ದೂ ಕೇಳಿಸಿತು. ಗುಮಾಸ್ತ ತಲೆ ಎತ್ತಿ ಆ ಕಡೆ ನೋಡಿದ. ನನಗೆ ಅವಮಾನವಾಯಿತು. ಬಡಿಯಲಿ, ಬುದ್ಧಿ ಬರಲಿ ಎಂದುಕೊಂಡು ಇನ್ನೊಂದು ಕಟ್ಟು ಕಾಗದ ಮಷೀನಿಗೆ ಕೊಟ್ಟೆ.