ಬೆರಳ ಸಂದಿನ ನೋಟು

ಮನೆಯಿಂದ, ಮಾರ್ಚ್ ೧೨
ಮಧ್ಯಾಹ್ನ

ಪ್ರೀತಿಯ ಪುಟ್ಟಾ,

ಹೇಗಿದ್ದೀಯಪ್ಪ? ಕೆಮ್ಮು ಹೋಯಿತೇ? ಟಂಕಸಾಲೆಯ ಆ ಗದ್ದಲದಲ್ಲಿ ಕಿವಿಗೆ ಹತ್ತಿ ಇಟ್ಟುಕೊಳ್ಳುತ್ತೀಯೋ ಇಲ್ಲವೋ? ಮೊನ್ನೆ ಫೋನಿನಲ್ಲಿ ನೀನು ಕೂಗಿದ ರೀತಿ ನೋಡಿದರೆ ಖಂಡಿತ ಇಲ್ಲ. ನಾನು ಗಟ್ಟಿಮುಟ್ಟಾಗಿದ್ದೇನೆ, ಮಂಡಿಯ ಮಾತೊಂದು ಎತ್ತಬೇಡ.

ಅಪ್ಪನಿಗೆಂದು ನೀನು ಕಳಿಸಿದ ಹೊಸ ನಾಣ್ಯಗಳು ತಲುಪಿದವು. ಕೈಯಲ್ಲಿ ದುಡ್ಡಿದ್ದರೆ ಸುಮ್ಮನಿರುತ್ತಾರೆ ಎಂದು ನಿನಗೆ ಹೇಳಿದವಳು ನಾನೇ, ಹಾಗಾಗಿ ನೀನು ಬೇಜಾರು ಮಾಡಿಕೊಳ್ಳಬಾರದು. ಅವರು ಅಂಗೈಯಲ್ಲಿ ಒಂದು ಗಳಿಗೆ ಇಟ್ಟುಕೊಂಡು, "ಇವನ್ನ ಚೀಲಕ್ಕೆ ಹಾಕಮ್ಮಾ, ಕೈಗೆ ನೋಟು ಕೊಡು" ಎಂದು ಎಲ್ಲವನ್ನೂ ನೆಲಕ್ಕೆ ಸುರಿದುಬಿಟ್ಟರು. ಮಂಚದ ಕೆಳಗೆಲ್ಲ ತೆವಳಿ ಹೆಕ್ಕಿದೆ.

ಅವರು ಕಂಡಕ್ಟರಾಗಿದ್ದ ಬಸ್ಸಿನಲ್ಲಿ ನೀನು ಎಷ್ಟು ಸಲ ಕೂತಿಲ್ಲ! ಸಣ್ಣ ನೋಟುಗಳನ್ನು ಉದ್ದಕ್ಕೆ ಮಡಚಿ ಎಡಗೈಯ ಒಂದೊಂದು ಬೆರಳ ಸಂದಿಗೂ ಒಂದೊಂದು ಬಗೆಯದನ್ನು ಸಿಕ್ಕಿಸಿ, ಮುಖ ನೋಡಿಕೊಂಡೇ ಚಿಲ್ಲರೆ ಕೊಡುತ್ತಿದ್ದರು. ಆಮೇಲೆ ಆ ನೋಟುಗಳು ನಿಂತುಹೋಗಿ ನಾಣ್ಯ ಬಂದವು. ಚೀಲದ ಭಾರಕ್ಕೆ ಹೆಗಲು ಕೆಂಪಗಾಗುತ್ತಿತ್ತು. ನಾನು ಎಣ್ಣೆ ಉಜ್ಜುವಾಗ, "ಕೈ ಖಾಲಿ ಖಾಲಿ ಅನ್ಸುತ್ತೆ ಕಣೇ" ಎನ್ನುತ್ತಿದ್ದರು. ನಿನಗೆ ಆಗಷ್ಟೇ ಅಲ್ಲಿ ಕೆಲಸ ಸಿಕ್ಕಿತ್ತಲ್ಲ, ನಿನ್ನೆದುರು ತುಟಿ ಬಿಚ್ಚಲಿಲ್ಲ. ಬಸ್ಸಿನಲ್ಲಿ ಮಾತ್ರ ಹೊಳೆಯುವ ನಾಣ್ಯ ಎತ್ತಿ ಹಿಡಿದು, "ನಮ್ಮ ಹುಡುಗ ಒತ್ತಿದ್ದು, ಇನ್ನೂ ಬಿಸಿ ಆರಿಲ್ಲ ನೋಡಿ" ಎಂದು ಜಂಬ ಕೊಚ್ಚುತ್ತಿದ್ದರಂತೆ. ಡ್ರೈವರಣ್ಣ ಹೇಳಿ ನಕ್ಕಿದ್ದ.

ಈಗ ಸಂಜೆಯಾದರೆ ಸಾಕು, ಅವರು ಮತ್ತೆ ಬಸ್ಸಿನಲ್ಲಿರುತ್ತಾರೆ. ಎಡಗೈಯ ಬೆರಳುಗಳನ್ನು ಅಗಲಿಸಿ ನೋಡಿಕೊಳ್ಳುತ್ತಾರೆ. ನಡುವೆ ಏನೂ ಇಲ್ಲದ್ದು ಕಂಡು ಮುಖ ಬಿಳಿಚಿಕೊಳ್ಳುತ್ತದೆ. "ಕಲೆಕ್ಷನ್ ಕಟ್ಟದೆ ಮನೆಗೆ ಹೆಂಗೆ ಹೋಗ್ಲಿ?" ಎಂದು ನಮ್ಮ ಮನೆಯ ಕುರ್ಚಿಯಲ್ಲೇ ಕೂತು ಕೇಳುತ್ತಾರೆ. ತಟ್ಟೆ ತಂದರೆ ಡ್ಯೂಟಿ ಮುಗಿದಿಲ್ಲ ಎಂದು ದೂಡುತ್ತಾರೆ. ಅಂಗಿ ಹ್ಯಾಂಗರಿಗೆ ಹಾಕಿದ ಹಾಗೆ ಜೋತಾಡುತ್ತಿದೆ ಪುಟ್ಟಾ.

ಈಗಿನ ನೋಟು ಕೊಟ್ಟರೆ ಬಣ್ಣ ನೋಡಿಯೇ ತಳ್ಳಿಬಿಡುತ್ತಾರೆ. ಮೂಲೆಯಂಗಡಿಯವರು ತಮ್ಮ ಮೊದಲ ವ್ಯಾಪಾರದ ಹಳೇ ಸಣ್ಣ ನೋಟನ್ನು ಗಾಜಿನ ಕಟ್ಟಿನಲ್ಲಿ ಇಟ್ಟುಕೊಂಡಿದ್ದರು. ನಾನು ಬಾಯಿಬಿಟ್ಟು ಕೇಳಿದ್ದಕ್ಕೆ ಕಟ್ಟು ಒಡೆದೇ ಕೊಟ್ಟರು, ಪುಣ್ಯಾತ್ಮರು. ಅದನ್ನು ಅವರ ಬೆರಳ ಸಂದಿಗೆ ಸಿಕ್ಕಿಸಿ, ಆಮೇಲೆ ಡಿಪೋ ಗುಮಾಸ್ತರ ಹಾಗೆ ನಾನೇ ಇಸಿದುಕೊಂಡು, "ಲೆಕ್ಕ ಸರಿ ಇದೆ, ನಡೀರಿ ಮನೆಗೆ" ಎಂದೆ. ಅವತ್ತು ಎರಡು ಸಲ ಬಡಿಸಿಕೊಂಡು ಉಂಡರು! ಆದರೆ ಹಳೇ ಕಾಗದ, ಬೆವರಿಗೆ ನೆನೆದು ವಾರದೊಳಗೆ ಪಿಸಿದುಹೋಯಿತು. ಕ್ಯಾಲೆಂಡರ್ ಕತ್ತರಿಸಿ ಕೊಟ್ಟರೆ ಉಜ್ಜಿ ನೋಡಿ, "ಕಳ್ಳನೋಟು! ಇಳೀರಿ ಕೆಳಗೆ" ಎಂದು ನನ್ನನ್ನೇ ಬಸ್ಸಿನಿಂದ ಇಳಿಸಿದರು. ನಕ್ಕು ನಕ್ಕು ಸಾಕಾಯಿತು. ಆಮೇಲೆ ಬಚ್ಚಲಿಗೆ ಹೋಗಿ ಅತ್ತೆ.

ನಿಮ್ಮಲ್ಲಿ ಹಿರಿಯ ಕೆಲಸಗಾರರ ಹತ್ತಿರ ಹಳೆಯ ಸಣ್ಣ ನೋಟು ಇದ್ದರೆ ಕೇಳಿ ನೋಡು. ಹರಿದಿದ್ದರೂ ಅಡ್ಡಿಯಿಲ್ಲ, ಅಂಟಿಸಿಕೊಳ್ಳುತ್ತೇನೆ. ಹೊತ್ತುಹೊತ್ತಿಗೆ ಊಟ ಮಾಡು, ನಿನ್ನ ಹೆಂಡತಿಯನ್ನು ಸುಮ್ಮನೆ ರೇಗಿಸಬೇಡ. ಇಬ್ಬರೂ ನೂರು ಕಾಲ ಚೆನ್ನಾಗಿರಿ.

ನಿನ್ನ
ಅಮ್ಮ

ತಾ.ಕ.: ಅಂಚೆಗೆ ಹಾಕುವ ಮೊದಲು ಇದೊಂದು. ಅಪ್ಪನಿಗೆ ನಿನ್ನ ಗುರುತು ಸಿಗುವುದಿಲ್ಲ, ಬಂದು ಏನು ಮಾಡಲಿ ಎಂದೆಯಲ್ಲ, ನಾನೂ ಒತ್ತಾಯ ಮಾಡಿರಲಿಲ್ಲ. ನನ್ನ ಗುರುತಾದರೂ ಇದೆಯಲ್ಲ ಎಂಬ ಧೈರ್ಯವಿತ್ತು. ಇವತ್ತು ಬೆಳಿಗ್ಗೆ ಕಾಫಿ ಕೊಡಲು ಹೋದರೆ ತುಂಬಾ ಮರ್ಯಾದೆಯಿಂದ ಸರಿದು ಜಾಗ ಬಿಟ್ಟು, "ಕೂತ್ಕೊಳಿ ತಾಯಿ, ನೀವೊಬ್ರೇನಾ? ಜೊತೇಲಿ ಯಾರೂ ಇಲ್ವಾ?" ಎಂದು ಕೇಳಿದರು. ಪುಟ್ಟಾ, ನೋಟು ಸಿಗಲಿ ಬಿಡಲಿ, ನೀನು ಬಾ.